ಹನ್ನೊಂದು ಜಾಗ, ಎರಡು ದಿನ, ಒಂದು ಟಾಂಗಾ

ಚಿಕ್ಕಮ್ಮನಿಗೆ ಗೋಲ್‌ಗುಂಬಜ್ ತೋರಿಸುತ್ತೇನೆ ಅಂತ ಮಾತು ಕೊಟ್ಟು ನಾಲ್ಕು ವರ್ಷವಾಗಿತ್ತು. ಹೋದ ಡಿಸೆಂಬರ್‌ನಲ್ಲಿ ಕೊನೆಗೂ ಶುಕ್ರವಾರ, ಶನಿವಾರ ಎರಡು ದಿನ ಹೊಂದಿಸಿಕೊಂಡೆ. ಹೊರಡುವ ಹಿಂದಿನ ವಾರ ರಾತ್ರಿ ಕೂತು ಎಕ್ಸೆಲ್‌ನಲ್ಲಿ ಒಂದು ಪಟ್ಟಿ ಮಾಡಿದೆ. ಹನ್ನೊಂದು ಜಾಗ. ಪ್ರತಿಯೊಂದರ ಎದುರು ತಲುಪುವ ಹೊತ್ತು, ಬಿಡುವ ಹೊತ್ತು, ನಡುವಿನ ದೂರ. ವಿಜಯಪುರದ ನಕ್ಷೆ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ ನೋಡಿ. ರೈಲ್ವೆ ಸ್ಟೇಷನ್ನು ಮತ್ತು ಗೋಲ್‌ಗುಂಬಜ್ ಊರಿನ ಪೂರ್ವದ ತುದಿಯಲ್ಲಿ, ಇಬ್ರಾಹಿಂ ರೋಜಾ ಪಶ್ಚಿಮದ ಕೋಟೆಗೋಡೆಯಾಚೆ, ಉಳಿದದ್ದೆಲ್ಲ ಇವೆರಡರ ನಡುವಿನ ನಾಲ್ಕೈದು ಕಿಲೋಮೀಟರಿನಲ್ಲಿ. ಪೂರ್ವದಿಂದ ಶುರು ಮಾಡಿ ಪಶ್ಚಿಮಕ್ಕೆ ಗುಡಿಸಿಕೊಂಡು ಹೋದರಾಯಿತು ಅಂತ ನನ್ನ ಲೆಕ್ಕ.

ಪ್ರಿಂಟ್ ತೆಗೆದು ಚಿಕ್ಕಮ್ಮನ ಕೈಗೆ ಕೊಟ್ಟೆ. ಕನ್ನಡಕ ಏರಿಸಿಕೊಂಡು ಪೂರ್ತಿ ಓದಿ, "ಎಲ್ಲಾ ಸರಿ ಕಣೋ, ಇದರಲ್ಲಿ ಒಂದಕ್ಕೆ ಹೋಗಿಬರೋಕೆ ಟೈಮ್ ಎಲ್ಲಿಟ್ಟಿದೀಯ?" ಅಂದರು. ಅರವತ್ತೇಳು ವಯಸ್ಸು, ಎರಡೂ ಮಂಡಿ ನೋವು. ಅದನ್ನು ನಾನು ಯಾವ ಕಾಲಮ್ಮಿನಲ್ಲೂ ಹಾಕಿರಲಿಲ್ಲ.

ಮೈಸೂರಿನಿಂದ ಪಂಢರಪುರದ ತನಕ ಹೋಗುವ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಹತ್ತಿದೆವು. ಬೋಗಿಯಲ್ಲಿ ವಿಠ್ಠಲನ ದರ್ಶನಕ್ಕೆ ಹೊರಟವರ ಒಂದು ಗುಂಪು ಇತ್ತು. ರಾತ್ರಿ ಒಂಬತ್ತರ ತನಕ ಭಜನೆ, ಆಮೇಲೆ ನಿದ್ದೆ. ಬೆಳಗ್ಗೆ ವಿಜಯಪುರದಲ್ಲಿ ಇಳಿದಾಗ ಚುಮುಚುಮು ಚಳಿ. ರೂಮಿನಲ್ಲಿ ಬಿಸಿನೀರು ಬರುತ್ತದೆ ಅಂದಿದ್ದರು, ಬರಲಿಲ್ಲ. ತಣ್ಣೀರಲ್ಲೇ ಮಿಂದು, ಪಕ್ಕದ ಹೋಟೆಲಿನಲ್ಲಿ ಸುಸಲಾ ಮಿರ್ಚಿ ತಿಂದು ಹೊರಬಂದರೆ ಎದುರಿಗೇ ಟಾಂಗಾ ಸ್ಟ್ಯಾಂಡು.

ಆಟೋ ಬೇಕಾದಷ್ಟಿದ್ದವು. ಚಿಕ್ಕಮ್ಮ ಮಾತ್ರ ಕುದುರೆಯ ಕಡೆ ನಡೆದುಬಿಟ್ಟರು. ಟಾಂಗಾ ಹೊಡೆಯುವವರಿಗೆ ಬಿಳಿ ಗಡ್ಡ, ತಲೆಗೆ ಮಫ್ಲರು. ಅವರನ್ನು ಎಲ್ಲರೂ ಚಾಚಾ ಅನ್ನುತ್ತಿದ್ದರು, ನಾವೂ ಅದನ್ನೇ ಹಿಡಿದೆವು. ನನ್ನ ಪಟ್ಟಿ ಓದಿ ಹೇಳಿದೆ: ಒಂಬತ್ತೂವರೆಗೆ ಗೋಲ್‌ಗುಂಬಜ್, ಮುಕ್ಕಾಲು ಗಂಟೆ, ಹತ್ತೂಕಾಲಿಗೆ ಮ್ಯೂಸಿಯಂ, ಹನ್ನೆರಡೂವರೆಗೆ ಜಾಮಿಯಾ ಮಸೀದಿ…

"ಸಾಹೇಬ್ರ, ಇವತ್ತ ಯಾವ ವಾರ ಅದರೀ?"

"ಶುಕ್ರವಾರ."

"ಶುಕ್ರವಾರ ಮ್ಯೂಸಿಯಂ ಬಂದ್ ಇರ್ತದ. ಹನ್ನೆರಡೂವರಿಗೆ ಮಸೀದ್ಯಾಗ ಜುಮ್ಮಾ ನಮಾಜಿಗೆ ಮಂದಿ ಕೂಡಿರ್ತಾರ. ನಾನೂ ಅಲ್ಲೇ ಇರ್ತೀನಿ. ಟಾಂಗಾ ಯಾರು ಹೊಡೀತಾರ?"

ಚಿಕ್ಕಮ್ಮ ನಕ್ಕ ನಗುವಿಗೆ ಕುದುರೆ ಕಿವಿ ನಿಮಿರಿಸಿತು.

ಆಮೇಲೆ ಚಾಚಾ ನನ್ನ ಪಟ್ಟಿಯನ್ನು ಬಾಯಲ್ಲೇ ತಿರುವಿಹಾಕಿದರು. ಗೋಲ್‌ಗುಂಬಜ್ ನಾಳೆ ಬೆಳಗ್ಗೆ, ಬಾಗಿಲು ತೆಗೆಯುವ ಹೊತ್ತಿಗೇ. ಹತ್ತು ಗಂಟೆಯಾದರೆ ಶಾಲೆ ಮಕ್ಕಳ ಬಸ್ಸು ಬರುತ್ತವೆ, ಆಮೇಲೆ ಅಲ್ಲಿ ಕೇಳುವುದು ಬರೀ ಕಿರುಚಾಟ. ಇಬ್ರಾಹಿಂ ರೋಜಾ ಇವತ್ತು ಸಂಜೆ ನಾಲ್ಕಕ್ಕೆ, ಅದಕ್ಕಿಂತ ಮೊದಲು ಬೇಡ. ಉಳಿದದ್ದು ನಡುವೆ ಎಷ್ಟಾಗುತ್ತದೋ ಅಷ್ಟು. ನಾನು ಜಾಗಗಳನ್ನು ದೂರ ಹಿಡಿದು ಜೋಡಿಸಿದ್ದೆ. ಇವರು ಹೊತ್ತು ಹಿಡಿದು ಜೋಡಿಸಿದರು. ಊರಿನ ಒಂದು ತುದಿಯಿಂದ ಇನ್ನೊಂದಕ್ಕೆ ಎರಡು ಸಲ ಓಡಾಡಬೇಕಾಗುತ್ತದೆ, ನಿಜ. ಅದರಿಂದ ಬಾಡಿಗೆಯೂ ಹೆಚ್ಚಲ್ಲವೇ ಅಂತ ಒಂದು ಕ್ಷಣ ಅನುಮಾನಪಟ್ಟೆ ಅಂತಲೂ ಒಪ್ಪಿಕೊಂಡುಬಿಡುತ್ತೇನೆ. ಎರಡು ದಿನಕ್ಕೆ ಒಟ್ಟು ಇಷ್ಟು ಅಂತ ಮೊದಲೇ ಮಾತಾಡಿಕೊಂಡದ್ದರಿಂದ ಅನುಮಾನ ಅಲ್ಲಿಗೇ ನಿಂತಿತು.

ಬೆಳಗಿನ ಹೊತ್ತು ಊರ ನಡುವಿನ ಒಳಕೋಟೆ, ಅರಕಿಲ್ಲಾದ ಕಡೆ ಹೋದೆವು. ಗಗನ ಮಹಲ್‌ನ ನಡುವಿನ ಕಮಾನು ಎಷ್ಟು ಅಗಲವೆಂದರೆ ಒಂದೇ ಫೋಟೋದಲ್ಲಿ ಹಿಡಿಯಲು ಹಿಂದೆ ಹಿಂದೆ ಹೋಗುತ್ತಲೇ ಇರಬೇಕು. ಈ ಊರನ್ನು ಆಳಿದ ಆದಿಲ್ ಶಾಹಿ ಸುಲ್ತಾನರಲ್ಲಿ ಒಬ್ಬನಾದ ಒಂದನೇ ಅಲಿ ಆದಿಲ್ ಶಾ 1561ರ ಸುಮಾರಿಗೆ ಕಟ್ಟಿಸಿದ ದರ್ಬಾರು ಅದು. 1686ರಲ್ಲಿ ಔರಂಗಜೇಬ್ ಊರು ಗೆದ್ದಾಗ ಕೊನೆಯ ಸುಲ್ತಾನ ಸಿಕಂದರನನ್ನು ಬೆಳ್ಳಿ ಸರಪಳಿ ಹಾಕಿ ತಂದು ನಿಲ್ಲಿಸಿದ್ದು ಇಲ್ಲೇ ಅಂತ ಹೇಳುತ್ತಾರೆ. ಈಗ ಆ ಹುಲ್ಲಿನ ಮೇಲೆ ಕಾಲೇಜು ಹುಡುಗರು ನೋಟ್ಸ್ ಹರಡಿಕೊಂಡು ಓದುತ್ತಿದ್ದರು. ಹತ್ತಿರದಲ್ಲೇ ಬಾರಾ ಕಮಾನ್. ಎರಡನೇ ಅಲಿ ಆದಿಲ್ ಶಾ ತನ್ನ ಗೋರಿಗಾಗಿ ಕಟ್ಟಿಸಲು ಶುರು ಮಾಡಿ 1672ರಲ್ಲಿ ತೀರಿಕೊಂಡ. ಚಾವಣಿ ಏರಲೇ ಇಲ್ಲ. ಕರಿಕಲ್ಲಿನ ಕಮಾನುಗಳಷ್ಟೇ ಸಾಲುಸಾಲಾಗಿ ಆಕಾಶ ಹೊತ್ತು ನಿಂತಿವೆ. ಅಪ್ಪನ ಗೋಲ್‌ಗುಂಬಜ್ ಮೇಲೆ ಇದರ ನೆರಳು ಬೀಳಬೇಕು ಅಂತ ಅವನ ಆಸೆಯಿತ್ತಂತೆ. "ಅಪ್ಪನ ಮೇಲೆ ನೆರಳು ಹಾಕೋಕೆ ಹೋದವರಿಗೆಲ್ಲ ಇದೇ ಗತಿ" ಅಂದರು ಚಿಕ್ಕಮ್ಮ. ಯಾರನ್ನು ಕುರಿತು ಅಂದರೋ, ನಮ್ಮ ಮನೆತನದಲ್ಲಿ ಅಂಥವರು ಇಬ್ಬರಿದ್ದಾರೆ.

ಮಧ್ಯಾಹ್ನ ಚಾಚಾ ನಮ್ಮನ್ನು ಒಂದು ಖಾನಾವಳಿಯ ಮುಂದೆ ಇಳಿಸಿ ನಮಾಜಿಗೆ ಹೋದರು. ನನ್ನ ಪಟ್ಟಿಯಲ್ಲಿ ಊಟಕ್ಕಿದ್ದದ್ದು ಮೂವತ್ತು ನಿಮಿಷ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ. ಬಡಿಸುವ ಅಕ್ಕ "ಇನ್ನೊಂದ ಹಾಕ್ಲೇನ್ರಿ" ಅಂದು ಉತ್ತರಕ್ಕೆ ಕಾಯದೆ ಹಾಕಿಬಿಡುತ್ತಿದ್ದರು. ಒಂದೂಕಾಲು ಗಂಟೆ ಅಲ್ಲೇ ಕೂತೆವು. ಮೊಸರಿನಲ್ಲಿ ಶೇಂಗಾ ಚಟ್ನಿ ಕಲಸಿ ರೊಟ್ಟಿ ಅದ್ದುವುದನ್ನು ಪಕ್ಕದ ಎಲೆಯವರು ಕಲಿಸಿದರು.

ತಾಜ್ ಬಾವಡಿಯಲ್ಲಿ ಹೆಚ್ಚು ನಿಲ್ಲಲಿಲ್ಲ. 1620ರಲ್ಲಿ ಮಲಿಕ್ ಸಂದಲ್ ಕಟ್ಟಿಸಿದ ಬಾವಿ, ಕೆರೆಯಷ್ಟು ದೊಡ್ಡದು. ಎರಡು ಗೋಪುರಗಳ ನಡುವೆ ಕಮಾನು, ಕೆಳಗೆ ಹಸಿರು ನೀರು. ಮಲಿಕ್-ಎ-ಮೈದಾನ್ ತೋಪಿನ ಹತ್ತಿರ ಮಾತ್ರ ಚಿಕ್ಕಮ್ಮನ ಕುತೂಹಲ ಕೆರಳಿತು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್, ಬಾಯಿ ಸಿಂಹದ್ದು, ಆ ಸಿಂಹದ ಹಲ್ಲಿನ ನಡುವೆ ಸಿಕ್ಕಿದ ಆನೆ. ಬಿಸಿಲಿನಲ್ಲೂ ಈ ಲೋಹ ಕಾಯುವುದಿಲ್ಲ ಅಂತ ಚಾಚಾ. ಬ್ರಿಟಿಷರ ಕಾಲದಲ್ಲಿ, 1854ರಲ್ಲಿ, ಇದನ್ನು ಹರಾಜಿಗೆ ಹಾಕಿದಾಗ ಬಂದ ಬೆಲೆ 150 ರೂಪಾಯಿ. ತೀರಾ ಕಮ್ಮಿಯಾಯಿತು ಅಂತ ಮಾರಲಿಲ್ಲ. "ಈಗಿನ ನಮ್ಮಿಬ್ಬರ ಊಟಕ್ಕೇ ಅದಕ್ಕಿಂತ ಜಾಸ್ತಿ ಆಯ್ತಲ್ಲೋ" ಅಂತ ಚಿಕ್ಕಮ್ಮ ಲೆಕ್ಕ ಹಾಕಿದರು. ಪಕ್ಕದ ಉಪ್ಪಲಿ ಬುರುಜಿಗೆ ಹೊರಗಿನಿಂದ ಸುತ್ತಿಕೊಂಡು ಹೋಗುವ ಮೆಟ್ಟಿಲು. ಅದನ್ನು ನಾನೊಬ್ಬನೇ ಹತ್ತಿ ಬಂದೆ. ಮಂಡಿಯನ್ನು ನಾಳೆಗೆ ಉಳಿಸಿಕೊಳ್ಳಿ ಅಂತ ಚಾಚಾ ಅವರಿಗೆ ತಾಕೀತು ಮಾಡಿದ್ದರು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಇಬ್ರಾಹಿಂ ರೋಜಾ. ಎತ್ತರದ ಒಂದೇ ಜಗಲಿಯ ಮೇಲೆ ಎದುರುಬದುರು ಎರಡು ಕಟ್ಟಡ: ಪಶ್ಚಿಮಕ್ಕೆ ಮಸೀದಿ, ಪೂರ್ವಕ್ಕೆ ಗೋರಿ, ನಡುವೆ ನೀರಿನ ಕೊಳ. ಯಾಕೆ ನಾಲ್ಕಕ್ಕೇ ಅಂತ ಆಗ ಗೊತ್ತಾಯಿತು. ಇಳಿಬಿಸಿಲು ಗೋರಿಯ ಪಡುವಣ ಗೋಡೆಯ ಮೇಲೆ ಅಡ್ಡಲಾಗಿ ಬಿದ್ದು, ಕಲ್ಲಿನಲ್ಲಿ ಕೊರೆದ ಒಂದೊಂದು ಅಕ್ಷರಕ್ಕೂ ನೆರಳು ಮೂಡಿತ್ತು. ಕಿಟಕಿಯ ಜಾಲರಿಯೂ ಅರಬ್ಬಿ ಅಕ್ಷರಗಳದ್ದೇ. ಒಳಗೆ ಹೋಗಿ ನೋಡಿದರೆ ಬೆಳಕು ಅಕ್ಷರಗಳ ಸಂದಿಯಿಂದ ಸೋಸಿ ಬರುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಬಂದಿದ್ದರೆ ಇದು ಚೆಂದದ ಇನ್ನೊಂದು ಗುಮ್ಮಟ ಅಷ್ಟೇ ಆಗಿರುತ್ತಿತ್ತು.

ಎರಡನೇ ಇಬ್ರಾಹಿಂ ಇದನ್ನು ಶುರು ಮಾಡಿದ್ದು ರಾಣಿ ತಾಜ್ ಸುಲ್ತಾನಾಳಿಗಾಗಿ. ಆದರೆ 1627ರಲ್ಲಿ ಅವನೇ ಮೊದಲು ಹೋದ. ಇದನ್ನೂ ಕಟ್ಟಿದ್ದು ಬಾವಡಿ ಕಟ್ಟಿಸಿದ ಮಲಿಕ್ ಸಂದಲ್‌ನೇ. ಜನ ಜಗದ್ಗುರು ಬಾದಶಹ ಅಂತ ಕರೆಯುತ್ತಿದ್ದ ಸುಲ್ತಾನ ಈ ಇಬ್ರಾಹಿಂ, ಸಂಗೀತದ ಹುಚ್ಚಿನವನು, ಸರಸ್ವತಿಯ ಮೇಲೆ ಪದ ಕಟ್ಟಿದವನು. ಗೋರಿಯ ಕೋಣೆಯ ಚಾವಣಿಯ ನಡುವಿನ ಭಾಗ ಪೂರ್ತಿ ಸಪಾಟು. ಕಲ್ಲುಚಪ್ಪಡಿಗಳು ಯಾವ ಆಸರೆಯೂ ಕಾಣದೆ ಮೇಲೆ ನಿಂತಿವೆ. ಚಿಕ್ಕಮ್ಮ ತಲೆಯೆತ್ತಿ ನೋಡಿದವರು ಮೆಲ್ಲಗೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದರು. ಆಮೇಲೆ ಜಗಲಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತರು. ಗಿಳಿಗಳ ಗಲಾಟೆ ಬಿಟ್ಟರೆ ಸದ್ದಿಲ್ಲ. ಬಾಗಿಲು ಹಾಕುವವರು ಬಂದು ಎಬ್ಬಿಸುವ ತನಕ ಏಳಲಿಲ್ಲ.

ಶನಿವಾರ ಬೆಳಗ್ಗೆ ಗೋಲ್‌ಗುಂಬಜ್‌ನ ಗೇಟಿನಲ್ಲಿ ನಮ್ಮನ್ನು ಬಿಟ್ಟರೆ ವಾಕಿಂಗ್ ಬಂದವರು ಮಾತ್ರ. ಒಳಗೆ ಕಾಲಿಟ್ಟವರಿಗೆ ಮೊದಲು ಆಗುವುದು ದಿಗಿಲು. ಹೊರಗಿನ ಅಳತೆಯಲ್ಲಿ 44 ಮೀಟರ್ ಅಗಲದ ಗುಮ್ಮಟ, ಕೆಳಗೆ ಒಂದೇ ಒಂದು ಕಂಬವಿಲ್ಲ. ಒಂದನ್ನೊಂದು ಹಾದುಹೋಗುವ ಎಂಟು ಕಮಾನುಗಳು ಅದರ ಭಾರವನ್ನು ಗೋಡೆಗೆ ಹಂಚುತ್ತವೆ. ನಡುವಿನ ಕಟ್ಟೆಯ ಮೇಲೆ ಮೊಹಮ್ಮದ್ ಆದಿಲ್ ಶಾನ ಗೋರಿ, ಜೊತೆಗೆ ಅವನ ಮನೆಯವರದು, ನರ್ತಕಿ ರಂಭೆಯದು. 1656ರಲ್ಲಿ ಅವನು ಇಲ್ಲಿ ಮಲಗಿದ.

ಮೂಲೆಯ ಗೋಪುರದೊಳಗೆ ಏಳು ಅಂತಸ್ತು ಹತ್ತಬೇಕು. ಮೆಟ್ಟಿಲು ಕಡಿದು, ಇಕ್ಕಟ್ಟು. ಇಡೀ ಗೋಲ್‌ಗುಂಬಜ್‌ಗೆ ನಾನಿಟ್ಟ ಮುಕ್ಕಾಲು ಗಂಟೆ ಚಿಕ್ಕಮ್ಮನಿಗೆ ಮೆಟ್ಟಿಲಿಗೇ ಹಿಡಿಯಿತು. ಪ್ರತಿ ಅಂತಸ್ತಿನ ಕಿಟಕಿಯಲ್ಲೂ ಕೂತು, ಊರು ನೋಡಿ, ಸೆರಗಿನಲ್ಲಿ ಮುಖ ಒರೆಸಿಕೊಂಡು, "ನಡಿ" ಅನ್ನುವರು. ಹಿಂದಿನಿಂದ ತಳ್ಳುವವರಿಲ್ಲ, ಮೇಲಿನಿಂದ ಇಳಿಯುವವರಿಲ್ಲ, ಬಿಸಿಲಿಲ್ಲ. ಹತ್ತು ಗಂಟೆಗಾಗಿದ್ದರೆ ಎರಡನೇ ಅಂತಸ್ತಿನಿಂದಲೇ ವಾಪಸ್ಸು ಬರುತ್ತಿದ್ದೆವು.

ಪಿಸುಗುಟ್ಟುವ ಮೊಗಸಾಲೆಯಲ್ಲಿ ಅವರನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿ, ನಾನು ಸುತ್ತಿಕೊಂಡು ಎದುರುಬದಿಗೆ ಹೋದೆ. ನಡುವೆ 37 ಮೀಟರಿನಷ್ಟು ಖಾಲಿ ಗಾಳಿ. ಮೊದಲು ಅವರು ಕೆಮ್ಮಿದರು. ಕೆಮ್ಮು ಏಳೆಂಟು ಸಲ ತಿರುತಿರುಗಿ ಬಂದು ಅವರಿಗೇ ನಾಚಿಕೆಯಾಯಿತು. ಆಮೇಲೆ ಗೋಡೆಯೊಳಗಿಂದಲೇ ಎಂಬಂತೆ, ನನ್ನ ಕಿವಿಯ ಪಕ್ಕದಲ್ಲೇ, ಅಷ್ಟು ಸ್ಪಷ್ಟವಾಗಿ: "ಇಲ್ಲೆಲ್ಲಾದರೂ ಒಳ್ಳೆ ಕಾಫಿ ಸಿಗುತ್ತೇನೋ?"

ನಾವು ಇಳಿಯುವ ಹೊತ್ತಿಗೆ ಮೊದಲ ಬಸ್ಸಿನ ಮಕ್ಕಳು ಸಿಳ್ಳೆ ಹಾಕುತ್ತಾ ಎದುರಾದರು.

ಗುಮ್ಮಟದ ಎದುರಿಗೇ ಇರುವ ನಗಾರಖಾನೆಯಲ್ಲಿನ ಮ್ಯೂಸಿಯಂ, ಅದಾದಮೇಲೆ ಜಾಮಿಯಾ ಮಸೀದಿ. ನಿನ್ನೆ ತುಂಬಿದ್ದ ಮಸೀದಿಯಲ್ಲಿ ಇವತ್ತು ಪಾರಿವಾಳ ಮಾತ್ರ. ನೆಲದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಮನೆಯಂತೆ ಗೆರೆ ಹಾಕಿದ 2,250 ಜಾಗಗಳಿವೆ. ಚಾಚಾ ತಾವು ನಿನ್ನೆ ಕೂತ ಮನೆ ತೋರಿಸಿದರು.

ರೈಲಿಗೆ ಇನ್ನೂ ಹೊತ್ತಿತ್ತು. ಪಟ್ಟಿ ತೆಗೆದು ನೋಡಿದೆ: ಅಸರ್ ಮಹಲ್, ಮೆಹತರ್ ಮಹಲ್, ಜೋಡ ಗುಮ್ಮಟ, ಮೂರೂ ಬಾಕಿ. ಅಸರ್ ಮಹಲ್ ಅಂತೂ ಇಲ್ಲೇ ಹತ್ತಿರ, ಹತ್ತು ನಿಮಿಷದ ಕೆಲಸ ಅಂದೆ. ಚಿಕ್ಕಮ್ಮ ಆಗಲೇ ಟಾಂಗಾದಲ್ಲಿ ಕೂತಿದ್ದರು, ಮಡಿಲಲ್ಲಿ ಅರ್ಧ ಕೆಜಿ ಶೇಂಗಾ ಚಟ್ನಿ ಪುಡಿ.

"ಚಾಚಾ, ನಿನ್ನೆ ಸಂಜೆ ಹೋಗಿದ್ವಲ್ಲ, ಗಿಳಿ ಇದ್ವಲ್ಲ, ಅಲ್ಲಿಗೆ ನಾಲ್ಕು ಗಂಟೆಗೆ ತಲುಪ್ತೀವಾ?"

"ತಲುಪ್ತೀವ್ರೀ ಅಕ್ಕಾರ" ಅಂದು ಚಾಚಾ ಕುದುರೆಯನ್ನು ಪಶ್ಚಿಮಕ್ಕೆ ತಿರುಗಿಸಿದರು.