ಅರವತ್ತಕ್ಕೆ ಅರಳು ಮರಳಾ?

ಹೋದ ವಾರ ನನ್ನ ಕನ್ನಡಕ ಫ್ರಿಜ್ಜಿನಲ್ಲಿ ಸಿಕ್ಕಿತು, ಮೊಸರಿನ ಪಾತ್ರೆ ಪಕ್ಕದಲ್ಲಿ. "ಅರವತ್ತಕ್ಕೆ ಅರಳು ಮರಳು ಅಂತ ಸುಮ್ನೆ ಹೇಳ್ತಾರಾ?" ಎಂದು ನಾನೇ ನಕ್ಕೆ. ಸೊಸೆ ನಗಲಿಲ್ಲ. "ಅತ್ತೆ, ಮೊನ್ನೆ ನಾನು ಸ್ಕೂಟರ್ ಕೀ ಅಕ್ಕಿ ಡಬ್ಬಿಯೊಳಗೆ ಹಾಕಿದ್ದೆನಲ್ಲ, ಅದಕ್ಕೇನಂತೀರಿ?" ಎಂದಳು.

ಹೌದಲ್ವಾ! ಅವಳು ಮರೆತರೆ ಗಡಿಬಿಡಿ, ನಾನು ಮರೆತರೆ ವಯಸ್ಸು.

ಅವಳೇ ಒಂದು ಅಧ್ಯಯನದ ಕತೆ ಹೇಳಿದಳು. ಅಮೆರಿಕದ ಒಹಾಯೊ ರಾಜ್ಯದ ಸಣ್ಣ ಊರೊಂದರಲ್ಲಿ 50 ದಾಟಿದವರನ್ನು, ವಯಸ್ಸಾಗುವುದರ ಬಗ್ಗೆ ಏನನ್ನಿಸುತ್ತದೆ ಎಂದು ಕೇಳಿದ್ದರಂತೆ. ಅಂಥ 660 ಜನರ ಲೆಕ್ಕವನ್ನು ಯೇಲ್ ವಿಶ್ವವಿದ್ಯಾಲಯದ ಬೆಕ್ಕಾ ಲೆವಿ ಮತ್ತವರ ಜೊತೆಗಾರರು 2002ರಲ್ಲಿ ಪ್ರಕಟಿಸಿದರು. ವಯಸ್ಸನ್ನು ಒಳ್ಳೆ ಮನಸ್ಸಿನಿಂದ ನೋಡಿದವರು ಉಳಿದವರಿಗಿಂತ ಏಳೂವರೆ ವರ್ಷ ಜಾಸ್ತಿ ಬದುಕಿದ್ದರು.

ಏಳೂವರೆ ವರ್ಷ! ಬರೀ ಯೋಚನೆಯಿಂದ ಆಯುಸ್ಸು ಬೆಳೆಯುತ್ತದೆಂದು ನಾನು ನಂಬುವುದಿಲ್ಲ. ಆದರೆ ನನ್ನನ್ನೇ ನೋಡಿ. ಮಂಡಿ ನೋವು ವಯಸ್ಸಿನದು ಎಂದು ಎರಡು ವರ್ಷ ವಾಕಿಂಗ್ ಬಿಟ್ಟಿದ್ದೆ. ನೋವು ಹೋಗಲಿಲ್ಲ, ತೂಕ ಏರಿತು.

ಸೋಮವಾರದಿಂದ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಮತ್ತೆ ನಡೆಯುತ್ತಿದ್ದೇನೆ. ಸುಸ್ತಾದರೆ ಕೂರುತ್ತೇನೆ, ಹೆಜ್ಜಾರ್ಲೆ ನೋಡುತ್ತೇನೆ, ಏಳುತ್ತೇನೆ. ಕನ್ನಡಕ ನಿನ್ನೆ ಮತ್ತೆ ಕಾಣೆ. ತಲೆ ಮೇಲೇ ಇತ್ತು.