ಇದು ಯಾರ ಎತ್ತರಕ್ಕೆ?

"ಅಪ್ಪಾ, ಇದು ಯಾರ ಎತ್ತರಕ್ಕೆ ಮಾಡಿದ್ದು?"

ಭಾನುವಾರ ಸಂಜೆ ಮಗಳು ಕೇಳಿದ್ದು ಇಷ್ಟೇ. ಕೈಯಲ್ಲಿ ಸುತ್ತಿಗೆ, ತುದಿಗಾಲಿನಲ್ಲಿ ನಿಂತ ಮೈ, ಗೋಡೆಗೆ ನಾನು ಹೊಸದಾಗಿ ಹಾಕಿದ ಸಲಕರಣೆ ಹಲಗೆಯ ಗೂಟ ಇನ್ನೂ ಒಂದು ಗೇಣು ಮೇಲೆ. ಚಾಚಿದ ಕೈಯನ್ನು ಇಳಿಸದೆ ನನ್ನತ್ತ ತಿರುಗಿ ನೋಡಿದ್ದಳು.

ನನ್ನ ಸಲಕರಣೆಗಳೆಲ್ಲ ವರ್ಷಗಳಿಂದ ಒಂದು ತಗಡಿನ ಪೆಟ್ಟಿಗೆಯಲ್ಲಿ ಬಿದ್ದಿದ್ದವು. ಉಳಿಯ ಮೇಲೆ ಇಕ್ಕಳ, ಇಕ್ಕಳದ ಮೇಲೆ ಅರ. ಉಳಿಯ ಬಾಯಿ ಹೋಗಲು ಗಟ್ಟಿ ಮರವೇ ಬೇಕಿಲ್ಲ, ಪೆಟ್ಟಿಗೆಯೊಳಗೆ ಇನ್ನೊಂದು ಉಕ್ಕಿಗೆ ತಾಗಿದರೂ ಸಾಕು. ಕಳೆದ ವಾರ ಸ್ಕ್ರೂಡ್ರೈವರ್ ತಡಕುವಾಗ 12 ಮಿ.ಮೀ. ಉಳಿ ಹೆಬ್ಬೆರಳನ್ನು ಸೀಳಿತು. ಆ ದಿನವೇ ಎಲ್ಲವನ್ನೂ ಗೋಡೆಗೆ ಏರಿಸಬೇಕೆಂದು ನಿರ್ಧರಿಸಿದೆ.

18 ಮಿ.ಮೀ. ಪ್ಲೈವುಡ್ ಪಟ್ಟಿಯೊಂದನ್ನು ಉದ್ದಕ್ಕೆ, 45 ಡಿಗ್ರಿ ಓರೆಯಾಗಿ ಸೀಳಿದೆ. ಒಂದು ತುಂಡನ್ನು ಓರೆ ಅಂಚು ಮೇಲಾಗಿ, ಚೂಪು ಭಾಗ ಗೋಡೆಯಿಂದ ಹೊರಗಿರುವಂತೆ ತಿರುಪು ಹಾಕಿ ಬಿಗಿದೆ. ಇನ್ನೊಂದನ್ನು ತಲೆಕೆಳಗು ಮಾಡಿ ಸಲಕರಣೆಯ ಹಲಗೆಯ ಬೆನ್ನಿಗೆ ಕೂರಿಸಿದೆ. ಹಲಗೆಯನ್ನು ಮೇಲಿನಿಂದ ಇಳಿಬಿಟ್ಟರೆ ಎರಡೂ ಓರೆಗಳು ಒಂದರೊಳಗೊಂದು ಕಚ್ಚಿಕೊಳ್ಳುತ್ತವೆ. ಭಾರ ಹೆಚ್ಚಿದಷ್ಟೂ ಹಲಗೆ ಗೋಡೆಯ ಕಡೆಗೇ ಒತ್ತಿಕೊಳ್ಳುತ್ತದೆ. ಹಲಗೆಯ ಬುಡಕ್ಕೂ ಅದೇ ದಪ್ಪದ ತುಂಡೊಂದನ್ನು ಅಂಟಿಸಬೇಕು, ಇಲ್ಲದಿದ್ದರೆ ಕೆಳಭಾಗ ಒಳಕ್ಕೆ ವಾಲುತ್ತದೆ. ಉಳಿಗಳಿಗಾಗಿ ದಪ್ಪ ಹಲಗೆಯಲ್ಲಿ ಸಾಲಾಗಿ ತೂತು ಕೊರೆದು, ಪ್ರತಿ ತೂತಿನಿಂದ ಮುಂದಿನ ಅಂಚಿನವರೆಗೆ ಸೀಳು ಬಿಟ್ಟೆ. ತುಸು ಎತ್ತಿ ಮುಂದಕ್ಕೆಳೆದರೆ ಉಳಿ ಕೈಗೆ ಬರುತ್ತದೆ. ಆ ಸೀಳುಗಳ ಒಳಗೋಡೆಯನ್ನು ಮರಳು ಕಾಗದದಿಂದ ಉಜ್ಜುತ್ತಾ ಕಳೆದ ಒಂದು ಗಂಟೆ ನನಗೆ ತುಂಬಾ ಇಷ್ಟವಾಯಿತು. ಪ್ರತಿ ಸಲಕರಣೆಯ ಸುತ್ತ ಪೆನ್ಸಿಲ್‌ನಿಂದ ಗೆರೆ ಎಳೆದೆ, ಯಾವುದು ತನ್ನ ಜಾಗದಲ್ಲಿಲ್ಲ ಎಂಬುದು ನೋಡಿದ ಕೂಡಲೇ ತಿಳಿಯಲಿ ಎಂದು.

ಮತ್ತೆ ಆ ಪ್ರಶ್ನೆ. ಯಾರ ಎತ್ತರಕ್ಕೆ? ಅಳತೆ ಹಿಡಿಯುವಾಗ ನಾನು ಗೋಡೆಯ ಮುಂದೆ ನಿಂತು ಕೈ ಚಾಚಿದ್ದೆ, ಬೆರಳು ತಾಗಿದಲ್ಲಿ ಗುರುತು ಹಾಕಿದ್ದೆ. ಮನೆಯಲ್ಲಿ ಇನ್ನೂ ಮೂವರಿದ್ದಾರೆ ಎಂಬುದು ಹೊಳೆಯಲೇ ಇಲ್ಲ. ಫೋಟೋ ನೋಡಿದ ಅಣ್ಣ, "ಯಾರ ಕೈಗೂ ಸಿಗದ ಹಾಗೆ ಮಾಡಿದ್ದೀಯ, ಒಳ್ಳೆಯದಾಯಿತು" ಎಂದ. ಅಣ್ಣ ಜಾಗ್ರತೆಯ ಮನುಷ್ಯ, ಅವನ ಮೇಲೆ ನನಗೆ ಗೌರವವಿದೆ. ಆದರೆ ಅವನ ಮನೆಯಲ್ಲಿ ಒಂದು ಮೊಳೆ ಹೊಡೆಯಲೂ ಅವನು ಬರುವವರೆಗೆ ಕಾಯುತ್ತಾರೆ. ನಮ್ಮಪ್ಪನೂ ಹಾಗೆಯೇ ಇದ್ದರು. ಪೆಟ್ಟಿಗೆಯ ಬೀಗದ ಕೈ ಅವರ ಜೇಬಿನಲ್ಲಿರುತ್ತಿತ್ತು. ಅವರು ಹೋದ ಮೇಲೆ ಪೆಟ್ಟಿಗೆ ತೆರೆದ ಅಮ್ಮ, ಮೂಲೆ ನೇರವಾಗಿದೆಯೇ ಎಂದು ನೋಡುವ ಮೂಲೆಮಟ್ಟವನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ಯಾತಕ್ಕೆ?" ಎಂದು ಕೇಳಿದ್ದರು. ನಲವತ್ತು ವರ್ಷ ಅದು ಅವರ ಮನೆಯಲ್ಲೇ ಇತ್ತು.

ಅಡುಗೆಮನೆಯ ಕಪಾಟಿನ ಬಾಗಿಲು ಮೂರು ವಾರದಿಂದ ಜೋತುಬಿದ್ದಿತ್ತು. ಕೀಲಿನ ಎರಡು ತಿರುಪು ಬಿಗಿಸಿದ್ದರೆ ಮುಗಿಯುತ್ತಿತ್ತು. ಹೆಂಡತಿ ನೆನಪಿಸಿದಾಗಲೆಲ್ಲ "ಈ ಭಾನುವಾರ" ಎನ್ನುತ್ತಿದ್ದೆ. ಅವಳಿಗೆ ತಿರುಪು ಬಿಗಿಸಲು ಬಾರದೆಂದಲ್ಲ. ಆ ಪೆಟ್ಟಿಗೆ ನನ್ನದಾಗಿತ್ತು.

ಸೋಮವಾರ ಕೆಲಸದಿಂದ ಬಂದವನೇ ಮಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿದೆ. ಅವಳು ಕೈ ಚಾಚಿದಳು, ನಾನು ಗುರುತು ಹಾಕಿದೆ. ಅಲ್ಲಿ ಎರಡನೆಯ ಪಟ್ಟಿ ಬಂತು. ಉಳಿ, ಗರಗಸಗಳು ಮೇಲೆಯೇ ಉಳಿದವು, ಅದರಲ್ಲಿ ರಾಜಿಯಿಲ್ಲ. ಸುತ್ತಿಗೆ, ಸ್ಕ್ರೂಡ್ರೈವರ್, ಇಕ್ಕಳ, ಅಳತೆ ಟೇಪು ಕೆಳಗಿಳಿದವು. ತಿರುಪು ಬಿಚ್ಚದೆ, ಅವುಗಳ ಹಲಗೆಯನ್ನೇ ಎತ್ತಿ ಕೆಳಗಿನ ಪಟ್ಟಿಗೆ ತೂಗುಹಾಕಿದೆ.

ಗುರುವಾರ ರಾತ್ರಿ ದೀಪ ಆರಿಸಲು ಹೋದಾಗ ಗೋಡೆಯ ಮೇಲೆ ಒಂದು ಪೆನ್ಸಿಲ್ ಗೆರೆ ಖಾಲಿ ಇತ್ತು. ಸ್ಕ್ರೂಡ್ರೈವರ್ ಅಡುಗೆಮನೆಯ ಕಟ್ಟೆಯ ಮೇಲಿತ್ತು, ಕಪಾಟಿನ ಬಾಗಿಲು ನೆಟ್ಟಗೆ ಮುಚ್ಚಿಕೊಂಡಿತ್ತು.