ಗ್ರಾಫ್ ಹಾಳೆಯಲ್ಲಿ ಒವೆಚ್ಕಿನ್: ಕೆಂಪು ಗೆರೆ 900 ಮುಟ್ಟಿತು

ಗೋಡೆಯ ಮೇಲಿನ ಗ್ರಾಫ್ ಒಂದು ಹಂತಕ್ಕೆ ಬಂದಿದೆ. ಇಲ್ಲಿಯವರೆಗೆ ಏನೇನು ಮಾಡಿದೆ, ಗೆರೆ ಎಳೆಯುತ್ತಾ ಏನೇನು ಕಂಡಿತು ಅನ್ನುವುದನ್ನು ಒಂದು ಕಡೆ ಬರೆದಿಡುತ್ತಿದ್ದೇನೆ.

ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು. ಇದು ಐಸ್ ಹಾಕಿ. ಕಾಲಿಗೆ ಸ್ಕೇಟ್ ಕಟ್ಟಿಕೊಂಡು ಮಂಜುಗಡ್ಡೆಯ ಮೇಲೆ ಆಡುವ ಆಟ. ಚೆಂಡಿನ ಬದಲು ಪಕ್ ಅನ್ನುವ ಗಟ್ಟಿ ರಬ್ಬರಿನ ಬಿಲ್ಲೆ ಇರುತ್ತದೆ. ಈ ಆಟದ ಅತಿ ದೊಡ್ಡ ಲೀಗ್ ಅಂದರೆ ಅಮೆರಿಕ ಮತ್ತು ಕೆನಡಾದ ಎನ್‌ಎಚ್‌ಎಲ್. ಅಲ್ಲಿ ವೇಯ್ನ್ ಗ್ರೆಟ್ಸ್ಕಿಯ 894 ಗೋಲುಗಳ ದಾಖಲೆಯನ್ನು ಯಾರೂ ಮುಟ್ಟಲಾರರು ಅಂತ ಎಲ್ಲರೂ ನಂಬಿದ್ದರು. ವಾಷಿಂಗ್ಟನ್ ಕ್ಯಾಪಿಟಲ್ಸ್ ತಂಡಕ್ಕೆ ಆಡುವ ರಷ್ಯಾದ ಅಲೆಕ್ಸಾಂಡರ್ ಒವೆಚ್ಕಿನ್ 2025ರ ಏಪ್ರಿಲ್ 6ರಂದು ಅದನ್ನು ದಾಟಿದ. ಇಬ್ಬರ ಇಡೀ ವೃತ್ತಿಜೀವನವನ್ನು ಒಂದೇ ಹಾಳೆಯ ಮೇಲೆ ಅಕ್ಕಪಕ್ಕ ನೋಡಬೇಕು ಅನ್ನಿಸಿತು. ಅದೇ ಈ ಕೆಲಸ.

ಹಾಳೆ ಮತ್ತು ಅಳತೆ

ಒಂದು ಗೋಲಿಗೆ ಒಂದು ಮಿಲಿಮೀಟರ್ ಎತ್ತರ, ಒಂದು ಸೀಸನ್‌ಗೆ ಎರಡು ಸೆಂಟಿಮೀಟರ್ ಅಗಲ. 900 ಗೋಲು ಅಂದರೆ 90 ಸೆಂಟಿಮೀಟರ್. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಮಾಮೂಲಿ ಗ್ರಾಫ್ ಹಾಳೆಗಳ ಬಿಳಿ ಅಂಚು ಕತ್ತರಿಸಿ, ಚೌಕಕ್ಕೆ ಚೌಕ ಕೂಡಿಸಿ, ಹಿಂದಿನಿಂದ ಸೆಲ್ಲೋ ಟೇಪ್ ಹಾಕಿದ್ದೇನೆ. ಒವೆಚ್ಕಿನ್‌ಗೆ ಕೆಂಪು ಪೆನ್ನು, ಅದು ಕ್ಯಾಪಿಟಲ್ಸ್ ಬಣ್ಣ. ಗ್ರೆಟ್ಸ್ಕಿಗೆ ನೀಲಿ. ಅವನು ಅತಿ ಹೆಚ್ಚು ಗೋಲು ಪೇರಿಸಿದ್ದು ಎಡ್ಮಂಟನ್ ಆಯ್ಲರ್ಸ್‌ನ ನೀಲಿ ಜೆರ್ಸಿಯಲ್ಲಿ ಅಲ್ವಾ.

ಕಂಪ್ಯೂಟರ್‌ನಲ್ಲಿ ಇದು ನಿಮಿಷದ ಕೆಲಸ, ಗೊತ್ತು. ಆದರೆ ಒಂದೊಂದೇ ಚೌಕ ಎಣಿಸಿ ಪೆನ್ನು ಮೇಲೆ ಒಯ್ದಾಗ 65 ಗೋಲಿನ ಸೀಸನ್‌ಗೂ 32 ಗೋಲಿನ ಸೀಸನ್‌ಗೂ ಎಷ್ಟು ದೂರ ಅಂತ ಕೈಗೇ ಗೊತ್ತಾಗುತ್ತದೆ. ಲೆಕ್ಕಕ್ಕೆ ತೆಗೆದುಕೊಂಡಿದ್ದು ಲೀಗ್ ಪಂದ್ಯಗಳ ಗೋಲು ಮಾತ್ರ. ಪ್ಲೇಆಫ್ ಗೋಲುಗಳನ್ನು ದಾಖಲೆಗೆ ಸೇರಿಸುವುದಿಲ್ಲ.

ಕೆಂಪು ಗೆರೆಯ ಮೊದಲ ಐದು ಮೆಟ್ಟಿಲು

ಈ ಗೆರೆ ಒಂದು ವರ್ಷ ಮೊದಲೇ ಶುರುವಾಗಬೇಕಿತ್ತು. 2004ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ವ್ಯವಸ್ಥೆ) ಕ್ಯಾಪಿಟಲ್ಸ್ ಒವೆಚ್ಕಿನ್‌ನನ್ನು ಎಲ್ಲರಿಗಿಂತ ಮೊದಲು ಆರಿಸಿಕೊಂಡಿತು. ಆದರೆ ಮಾಲೀಕರಿಗೂ ಆಟಗಾರರಿಗೂ ಸಂಬಳದ ಜಗಳ ಹತ್ತಿ 2004-05ರ ಸೀಸನ್ ಪೂರ್ತಿ ರದ್ದಾಯಿತು. ಅವನು ಆ ವರ್ಷ ಮಾಸ್ಕೋದ ಡೈನಮೊ ತಂಡಕ್ಕೇ ಆಡಿದ. ಎನ್‌ಎಚ್‌ಎಲ್‌ನಲ್ಲಿ ಮೊದಲ ಪಂದ್ಯ 2005ರ ಅಕ್ಟೋಬರ್ 5ರಂದು, ಕೊಲಂಬಸ್ ವಿರುದ್ಧ. ಅವತ್ತೇ ಎರಡು ಗೋಲು. ಬೆನ್ನ ಮೇಲೆ 8ನೇ ನಂಬರ್. ಅದು ಅಮ್ಮ ತತ್ಯಾನಾ ಅವರ ನಂಬರ್. ಅವರು ಸೋವಿಯತ್ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ 1976 ಮತ್ತು 1980ರ ಒಲಿಂಪಿಕ್ಸ್ ಚಿನ್ನ ಗೆದ್ದವರು.

ಮೊದಲ ಸೀಸನ್ 52. ನಂತರ 46, 65, 56, 50. ಐದು ವರ್ಷಕ್ಕೆ 269. 2007-08ರ ಆ 65ರ ಮೆಟ್ಟಿಲು ಇಡೀ ಕೆಂಪು ಗೆರೆಯಲ್ಲೇ ಎತ್ತರದ್ದು. ಎಡ ವಿಂಗ್‌ನಲ್ಲಿ ಆಡುವ ಯಾರೂ ಅದಕ್ಕಿಂತ ಮೊದಲು ಒಂದು ಸೀಸನ್‌ನಲ್ಲಿ ಅಷ್ಟು ಹೊಡೆದಿರಲಿಲ್ಲ.

ಅಂಚಿನಲ್ಲಿ ಒಂದು ಚಿಕ್ಕ ಗುರುತು ಹಾಕಿದ್ದೇನೆ: 2006ರ ಜನವರಿ 16, ಫೀನಿಕ್ಸ್ ವಿರುದ್ಧದ ಗೋಲು. ರಕ್ಷಣಾ ಆಟಗಾರ ಅವನನ್ನು ಕೆಡವಿದ್ದಾನೆ. ಬೆನ್ನ ಮೇಲೆ ಜಾರುತ್ತಾ, ಮುಖ ಗೋಲಿನ ಆಚೆಗಿದ್ದಾಗ, ತಲೆಯ ಹಿಂದಿನಿಂದ ಸ್ಟಿಕ್ ಚಾಚಿ ಪಕ್ ಒಳಗೆ ತಳ್ಳಿದ. ಅವತ್ತು ಎದುರು ತಂಡದ ಕೋಚ್ ಆಗಿ ನಿಂತು ನೋಡುತ್ತಿದ್ದವನು ಬೇರೆ ಯಾರೂ ಅಲ್ಲ, ಗ್ರೆಟ್ಸ್ಕಿ.

ಗೆರೆ ಬಾಗಿತು, ಮತ್ತೆ ಎದ್ದಿತು

ಆರನೇ ಸೀಸನ್ 32, ಏಳನೆಯದು 38. ಇಲ್ಲಿ ಗೆರೆ ಕಣ್ಣಿಗೆ ಕಾಣುವಷ್ಟು ಬಾಗುತ್ತದೆ. ಇನ್ನು ಇವನ ಕಥೆ ಮುಗೀತು ಅಂತ ಬರೆದವರು ಆಗ ಬಹಳ ಮಂದಿ. ನಂತರದ 2012-13ರಲ್ಲೂ 32 ಗೋಲು ಅಷ್ಟೇ. ಆದರೆ ಆ ವರ್ಷ ಮತ್ತೆ ಜಗಳದಿಂದ ಪಂದ್ಯಗಳೇ 48ಕ್ಕೆ ಇಳಿದಿದ್ದವು. ಆ 48ರಲ್ಲಿ 32 ಹೊಡೆದು ಲೀಗ್‌ನಲ್ಲೇ ಅತಿ ಹೆಚ್ಚು ಗೋಲಿನ ಆಟಗಾರನಾದ. ಆ ಸೀಸನ್‌ನಲ್ಲಿ ಹೊಸ ಕೋಚ್ ಆಡಮ್ ಓಟ್ಸ್ ಅವನನ್ನು ಎಡದಿಂದ ಬಲ ವಿಂಗ್‌ಗೆ ಕಳಿಸಿದ್ದ. ಮುಂದೆ 51, 53, 50. ಸುಮ್ನೆ ಗೆರೆ ನೋಡಿದರೆ ಎಂಟನೇ ಮೆಟ್ಟಿಲು ಕುಸಿತದ ಹಾಗೆ ಕಾಣುತ್ತದೆ. ಅದಕ್ಕೇ ಪಂದ್ಯ ಕಡಿಮೆಯಾದ ಸೀಸನ್‌ಗಳಿಗೆಲ್ಲ ಪೆನ್ಸಿಲ್‌ನಲ್ಲಿ ತೆಳುವಾಗಿ ಬಣ್ಣ ತುಂಬಿದ್ದೇನೆ. ಕೋವಿಡ್‌ನಿಂದ ಅರ್ಧಕ್ಕೆ ನಿಂತ 2019-20 (48 ಗೋಲು) ಮತ್ತು ಅದರ ಮುಂದಿನ ಮೊಟಕು ಸೀಸನ್ (24) ಕೂಡ ಅದರಲ್ಲಿ ಸೇರಿವೆ.

2018ರ ಜೂನ್ 7ಕ್ಕೆ ಒಂದು ಕಪ್ ಬಿಡಿಸಿದ್ದೇನೆ. ಗ್ರಾಫ್‌ನ ಲೆಕ್ಕಕ್ಕೆ ಅದು ಬರುವುದಿಲ್ಲ. ಆದರೆ ಕ್ಯಾಪಿಟಲ್ಸ್ ಮೊದಲ ಬಾರಿಗೆ ಲೀಗ್‌ನ ಚಾಂಪಿಯನ್ನರಿಗೆ ಸಿಗುವ ಸ್ಟಾನ್ಲಿ ಕಪ್ ಗೆದ್ದ ದಿನ, ಪ್ಲೇಆಫ್‌ನಲ್ಲಿ 15 ಗೋಲು ಹೊಡೆದು ಅವನೇ ಸರಣಿಯ ಶ್ರೇಷ್ಠ ಆಟಗಾರನಾದ ವರ್ಷ. ಬಿಡೋಕೆ ಮನಸ್ಸಾಗಲಿಲ್ಲ.

ನೀಲಿ ಗೆರೆ ಎಳೆದ ಮೇಲೆ

ನನಗೆ ಈ ಕೆಲಸದಲ್ಲಿ ಸಿಕ್ಕ ದೊಡ್ಡ ವಿಷಯ ಇಲ್ಲಿದೆ. ದಾಖಲೆ ಹತ್ತಿರ ಬಂದಾಗ ಎಲ್ಲರೂ ದಿನದಿನ ಎಣಿಸುತ್ತಿದ್ದರು: ಇನ್ನು 20, ಇನ್ನು 10. ಹಾಗೆ ಎಣಿಸಿದರೆ ಕೊನೆಯ ಕೆಲವು ಚೌಕ ಮಾತ್ರ ಕಾಣುತ್ತವೆ. ಇಬ್ಬರ ಮೊದಲ ಸೀಸನ್‌ನಿಂದ ಎರಡೂ ಗೆರೆ ಒಟ್ಟಿಗೆ ಎಳೆದರೆ ಬೇರೆಯೇ ಚಿತ್ರ.

ಗ್ರೆಟ್ಸ್ಕಿ ಮೂರನೇ ಸೀಸನ್‌ನಲ್ಲಿ 92 ಹೊಡೆದ. ಆ ಒಂದು ಮೆಟ್ಟಿಲೇ ಒಂಬತ್ತು ಸೆಂಟಿಮೀಟರ್‌ಗಿಂತ ಎತ್ತರ. ಐದನೆಯದರಲ್ಲಿ 87. ಐದು ಸೀಸನ್ ಮುಗಿದಾಗ ಅವನು 356, ಒವೆಚ್ಕಿನ್ 269. ಎಂಟು ಮುಗಿದಾಗ 543ಕ್ಕೆ 371. ಅಂತರ 172. ಎರಡು ಗೆರೆಗಳ ನಡುವೆ ನನ್ನ ಅಂಗೈ ಇಡೀ ಹಿಡಿಸುತ್ತದೆ. ಆ ಜಾಗದಲ್ಲಿ ನಿಂತು ನೋಡಿದರೆ ಕೆಂಪು ಗೆರೆ ನೀಲಿಯನ್ನು ಸೇರುತ್ತದೆ ಅಂತ ಯಾರೂ ಹೇಳುತ್ತಿರಲಿಲ್ಲ.

ಆಮೇಲೆ ನೀಲಿ ಗೆರೆ ಮೆಲ್ಲಗೆ ಮಲಗುತ್ತದೆ. ಗ್ರೆಟ್ಸ್ಕಿಯ ಮೊದಲ ಹತ್ತು ಸೀಸನ್‌ನಲ್ಲಿ 637 ಗೋಲು, ಮುಂದಿನ ಹತ್ತರಲ್ಲಿ 257. ಒವೆಚ್ಕಿನ್‌ದು 475 ಮತ್ತು 422. ಅವನಿಗೆ 30 ತುಂಬಿದ್ದು 2015ರ ಸೆಪ್ಟೆಂಬರ್‌ನಲ್ಲಿ, ಅಂದರೆ ಈ 422 ಅಷ್ಟೂ 30 ದಾಟಿದ ಮೇಲಿನವು. ಹದಿನೈದು ಸೀಸನ್ ಆದಾಗ ಅಂತರ 97. ಹದಿನೆಂಟಕ್ಕೆ 40. ಹತ್ತೊಂಬತ್ತಕ್ಕೆ 32. ಎರಡು ಗೆರೆ ಒಂದನ್ನೊಂದು ದಾಟುವುದು ಇಪ್ಪತ್ತನೇ ಸೀಸನ್‌ನಲ್ಲಿ, ಹಾಳೆಯ ಕೊನೆಯ ಎರಡು ಸೆಂಟಿಮೀಟರ್‌ನಲ್ಲಿ. ನೀಲಿ 894, ಕೆಂಪು 897.

ಆ ಇಪ್ಪತ್ತನೇ ಸೀಸನ್‌ನ ಮೊದಲ 18 ಪಂದ್ಯದಲ್ಲಿ ಅವನು 15 ಗೋಲು ಹೊಡೆದಿದ್ದ. 2024ರ ನವೆಂಬರ್ 18ರಂದು ಯೂಟಾದಲ್ಲಿ ಡಿಕ್ಕಿಯಾಗಿ ಎಡಗಾಲಿನ ಮೂಳೆ ಮುರಿಯಿತು. 16 ಪಂದ್ಯ ತಪ್ಪಿದವು. ಡಿಸೆಂಬರ್ 28ಕ್ಕೆ ಟೊರಾಂಟೊದಲ್ಲಿ ವಾಪಸ್ ಬಂದ, ಅವತ್ತೇ ಮತ್ತೆ ಗೋಲು. 39ರ ವಯಸ್ಸಿನಲ್ಲಿ, 65 ಪಂದ್ಯದಲ್ಲಿ 44. ಗ್ರೆಟ್ಸ್ಕಿ ತನ್ನ ಇಪ್ಪತ್ತನೆಯದರಲ್ಲಿ ಹೊಡೆದಿದ್ದು 9.

ಇದನ್ನು ಗ್ರೆಟ್ಸ್ಕಿಯನ್ನು ಇಳಿಸೋಕೆ ಹೇಳುತ್ತಿಲ್ಲ. ಅವನು ಗೋಲಿಗಿಂತ ಜಾಸ್ತಿ ಗೋಲು ಹೊಡೆಸಿದವನು. 1,963 ಅಸಿಸ್ಟ್. ಬೇರೆ ಯಾವ ಆಟಗಾರನ ಗೋಲು, ಅಸಿಸ್ಟ್ ಎರಡೂ ಕೂಡಿಸಿದರೂ ಅಷ್ಟಾಗುವುದಿಲ್ಲ. ಆದರೆ ಕಾಲದ ವ್ಯತ್ಯಾಸವನ್ನೂ ಹೇಳಲೇಬೇಕು. 1980ರ ದಶಕದ ಶುರುವಿನಲ್ಲಿ ಒಂದು ಪಂದ್ಯಕ್ಕೆ ಎರಡೂ ತಂಡ ಸೇರಿ ಹತ್ತಿರ ಹತ್ತಿರ 8 ಗೋಲು ಬೀಳುತ್ತಿದ್ದವು. ಒವೆಚ್ಕಿನ್ ಆಡಿದ ವರ್ಷಗಳಲ್ಲಿ ಐದೂವರೆ, ಆರರ ಆಸುಪಾಸು. ಗೋಲಿಗಳ (ಗೋಲು ಕಾಯುವ ಆಟಗಾರರ) ಪ್ಯಾಡ್, ತರಬೇತಿ, ನಿಲ್ಲುವ ರೀತಿ ಎಲ್ಲವೂ ಬದಲಾಗಿದೆ.

ಎರಡನೇ ಹಾಳೆ: ಎಡ ವೃತ್ತ

ಈ ಹಾಳೆ ನನಗೆ ಗ್ರಾಫ್‌ಗಿಂತ ಇಷ್ಟ. ದೊಡ್ಡ ಡ್ರಾಯಿಂಗ್ ಶೀಟ್ ಮೇಲೆ ಅರ್ಧ ರಿಂಕ್ ಬಿಡಿಸಿದ್ದೇನೆ, ಒಂದು ಅಡಿಗೆ ಅರ್ಧ ಸೆಂಟಿಮೀಟರ್. ರಿಂಕ್ ಅಗಲ 85 ಅಡಿ, ಹಾಳೆಯಲ್ಲಿ 42.5 ಸೆಂಟಿಮೀಟರ್. ಗೋಲು 6 ಅಡಿ ಅಗಲ, 4 ಅಡಿ ಎತ್ತರ. ಗೋಲಿನ ಎರಡೂ ಬದಿಗೆ 15 ಅಡಿ ತ್ರಿಜ್ಯದ ಒಂದೊಂದು ವೃತ್ತ. ಎಡಗಡೆಯ ವೃತ್ತವೇ ಒವೆಚ್ಕಿನ್‌ನ ಜಾಗ. ಅಲ್ಲಿನ ಅಭಿಮಾನಿಗಳು ಅದನ್ನು ಅವನ ಆಫೀಸ್ ಅಂತಲೇ ಕರೆಯುತ್ತಾರೆ.

ಆ ವೃತ್ತದ ನಡುವಿನ ಚುಕ್ಕಿ ಗೋಲು ಗೆರೆಯಿಂದ 20 ಅಡಿ ಮುಂದೆ, ನಡುಗೆರೆಯಿಂದ 22 ಅಡಿ ಪಕ್ಕಕ್ಕೆ ಇದೆ. ಸ್ಕೇಲ್ ಇಟ್ಟರೆ ಚುಕ್ಕಿಯಿಂದ ಗೋಲಿನ ನಡುವಿಗೆ ಹೆಚ್ಚುಕಡಿಮೆ 15 ಸೆಂಟಿಮೀಟರ್, ಅಂದರೆ 30 ಅಡಿ. ಚುಕ್ಕಿಯಿಂದ ಎರಡೂ ಕಂಬಕ್ಕೆ ಗೆರೆ ಎಳೆದೆ. ಓರೆಯಾಗಿ ನೋಡುವುದರಿಂದ 6 ಅಡಿಯ ಗೋಲು ಅಲ್ಲಿಂದ 4 ಅಡಿ ಅಗಲಕ್ಕೆ ಕುಗ್ಗುತ್ತದೆ. ಆ ಸಂದಿಯಲ್ಲಿ ದಪ್ಪ ಪ್ಯಾಡ್ ಕಟ್ಟಿದ ಗೋಲಿ ಬೇರೆ.

ಹಾಗಾದರೆ ಅಲ್ಲಿಂದ ಇಷ್ಟು ಗೋಲು ಹೇಗೆ? ಒವೆಚ್ಕಿನ್ ಬಲಗೈ ಹೊಡೆತಗಾರ. ಎಡಗಡೆ ನಿಂತು ಗೋಲಿನ ಕಡೆ ತಿರುಗಿದರೆ ಅವನ ಸ್ಟಿಕ್ ರಿಂಕ್ ನಡುವಿನ ಕಡೆ ಇರುತ್ತದೆ. ಎದುರಾಳಿಯೊಬ್ಬ ಫೌಲ್ ಮಾಡಿ ಹೊರಗೆ ಕೂತಾಗ ಪವರ್ ಪ್ಲೇ ಶುರು. ಬಲಗಡೆಯಿಂದ ಪಾಸ್ ಬರುತ್ತದೆ. ವರ್ಷಗಟ್ಟಲೆ ಆ ಪಾಸ್ ಕೊಟ್ಟವನು ನಿಕ್ಲಾಸ್ ಬಾಕ್‌ಸ್ಟ್ರಾಮ್. ಪಕ್ ನಿಲ್ಲಿಸುವುದೇ ಇಲ್ಲ, ಬಂದ ಹಾಗೇ ಬಾರಿಸುವುದು. ಇದೇ ಒನ್-ಟೈಮರ್. ಪಾಸ್ ಅಡ್ಡ ದಾಟುವಾಗ ಗೋಲಿ ಒಂದು ಕಂಬದಿಂದ ಇನ್ನೊಂದಕ್ಕೆ ಜಾರಬೇಕು. ಅವನು ತಲುಪುವ ಮೊದಲೇ ಹೊಡೆತ ಹೊರಟಿರುತ್ತದೆ.

2018ರ ಆಲ್-ಸ್ಟಾರ್ ಸ್ಪರ್ಧೆಯಲ್ಲಿ ಅವನ ಹೊಡೆತ ಗಂಟೆಗೆ 101.3 ಮೈಲಿ ತೋರಿಸಿತು, ಸುಮಾರು 163 ಕಿಲೋಮೀಟರ್. ಆ ವೇಗದಲ್ಲಿ 30 ಅಡಿ ದಾಟಲು 0.2 ಸೆಕೆಂಡ್. ಪಂದ್ಯದಲ್ಲಿ ಸ್ವಲ್ಪ ನಿಧಾನ ಅಂದರೂ ಕಾಲು ಸೆಕೆಂಡ್. ಕ್ರಿಕೆಟ್‌ನಲ್ಲಿ ವೇಗದ ಬೌಲರ್ ಎದುರಿಸುವ ಬ್ಯಾಟ್ಸ್‌ಮನ್‌ಗೆ ಇದರ ಎರಡರಷ್ಟು ಸಮಯ ಸಿಗುತ್ತದೆ. ಎಲ್ಲಿ ನಿಲ್ಲುತ್ತಾನೆ, ಏನು ಮಾಡುತ್ತಾನೆ ಅಂತ ಲೀಗ್‌ನ ಎಲ್ಲ ತಂಡಕ್ಕೂ ಗೊತ್ತು. ಆದರೂ ತಡೆಯೋಕೆ ಆಗಲಿಲ್ಲ. ಪವರ್ ಪ್ಲೇ ಗೋಲುಗಳಲ್ಲಿ ಡೇವ್ ಆಂಡ್ರೆಚಕ್‌ನ 274ರ ದಾಖಲೆಯನ್ನು ಅವನು 2021ರಲ್ಲೇ ಮುರಿದಿದ್ದ.

895

ಏಪ್ರಿಲ್ 4ರಂದು ವಾಷಿಂಗ್ಟನ್‌ನಲ್ಲಿ ಶಿಕಾಗೊ ವಿರುದ್ಧ ಎರಡು ಗೋಲು, ಲೆಕ್ಕ 894. ಕೊನೆಗೆ ಶಿಕಾಗೊ ತನ್ನ ಗೋಲಿಯನ್ನು ಹೊರಗೆ ಕರೆಸಿ ಖಾಲಿ ಗೋಲು ಬಿಟ್ಟಿತ್ತು. ದಾಖಲೆಯ ಗೋಲನ್ನು ಹಾಗೆ ಹೊಡೆಯುವುದು ಬೇಡ ಅಂತ ಅವನು ಬೆಂಚಿನಲ್ಲೇ ಉಳಿದ. ಖಾಲಿ ಗೋಲಿಗೆ ಎಷ್ಟೋ ಸಲ ಹೊಡೆದವನು ಈ ಒಂದನ್ನು ಬೇಡ ಅಂದಿದ್ದಕ್ಕೆ ನನಗೆ ಅವನ ಮೇಲಿನ ಗೌರವ ಹೆಚ್ಚಾಯಿತು.

ಏಪ್ರಿಲ್ 6ರ ಪಂದ್ಯ ನ್ಯೂಯಾರ್ಕ್ ಐಲ್ಯಾಂಡರ್ಸ್ ಊರಿನಲ್ಲಿ, ಅಲ್ಲಿಯ ಮಧ್ಯಾಹ್ನ. ನಮಗೆ ಭಾನುವಾರ ರಾತ್ರಿ. ಸಾಮಾನ್ಯವಾಗಿ ಕ್ಯಾಪಿಟಲ್ಸ್ ಪಂದ್ಯ ನೋಡಬೇಕಾದರೆ ಬೆಳಗಿನ ಜಾವ ಏಳಬೇಕು. ಎರಡನೇ ಪೀರಿಯಡ್, 7 ನಿಮಿಷ 26 ಸೆಕೆಂಡ್. ಪವರ್ ಪ್ಲೇ. ಟಾಮ್ ವಿಲ್ಸನ್ ಪಾಸ್ ಕೊಟ್ಟ. ಒವೆಚ್ಕಿನ್ ಅದೇ ಎಡ ವೃತ್ತದಿಂದ ಹೊಡೆದ. ಗೋಲಿ ಇಲ್ಯಾ ಸೊರೊಕಿನ್, ಅವನೂ ರಷ್ಯಾದವನೇ. ಅಲ್ಲಿಯವರೆಗೆ ಅವನ ವಿರುದ್ಧ ಒವೆಚ್ಕಿನ್ ಒಂದೂ ಗೋಲು ಹೊಡೆದಿರಲಿಲ್ಲ. ಗೋಲಾದ ಕೂಡಲೇ ಒವೆಚ್ಕಿನ್ ಹೊಟ್ಟೆಯ ಮೇಲೆ ಬಿದ್ದು ಮಂಜುಗಡ್ಡೆಯ ಮೇಲೆ ಜಾರಿಕೊಂಡು ಹೋದ. ಆಟ ನಿಲ್ಲಿಸಿ ಗ್ರೆಟ್ಸ್ಕಿ ಬಂದು ಅಭಿನಂದಿಸಿದ. ಅಮ್ಮ, ಹೆಂಡತಿ, ಮಕ್ಕಳು ಅಲ್ಲಿದ್ದರು. ಅಪ್ಪ ಮಿಖಾಯಿಲ್ ಇರಲಿಲ್ಲ, ಅವರು 2023ರಲ್ಲಿ ತೀರಿಕೊಂಡಿದ್ದರು. ಪಂದ್ಯವನ್ನು ಕ್ಯಾಪಿಟಲ್ಸ್ 4-1ರಲ್ಲಿ ಸೋತಿತು.

ಅದು ಒವೆಚ್ಕಿನ್‌ನ 1,487ನೇ ಪಂದ್ಯ. ಗ್ರೆಟ್ಸ್ಕಿ ಒಟ್ಟು ಆಡಿದ್ದೂ 1,487. ಗ್ರೆಟ್ಸ್ಕಿ ತನ್ನ ಕೊನೆಯ, 894ನೇ ಗೋಲು ಹೊಡೆದಿದ್ದೂ ಐಲ್ಯಾಂಡರ್ಸ್ ವಿರುದ್ಧವೇ, 1999ರ ಮಾರ್ಚ್ 29ರಂದು. ಎರಡು ಗೆರೆ ದಾಟುವ ಜಾಗದಲ್ಲಿ ಈ ಎರಡು ಸಾಲನ್ನು ಸಣ್ಣ ಅಕ್ಷರದಲ್ಲಿ ಬರೆದಿದ್ದೇನೆ.

ಈಗ ಆಗಬೇಕಾದ್ದು

2025ರ ನವೆಂಬರ್ 5ರಂದು ಸೇಂಟ್ ಲೂಯಿಸ್ ವಿರುದ್ಧ 900ನೇ ಗೋಲು ಬಂತು. ಲೀಗ್‌ನಲ್ಲಿ ಆ ಸಂಖ್ಯೆ ಮುಟ್ಟಿದ ಮೊದಲಿಗ. ಗೋಲಿ ಜೋರ್ಡನ್ ಬಿನ್ನಿಂಗ್ಟನ್ ಆ ಪಕ್ಕನ್ನು ಎತ್ತಿ ತನ್ನ ಪ್ಯಾಂಟಿನೊಳಗೆ ಸೇರಿಸಿಕೊಳ್ಳಲು ನೋಡಿದ, ಲೈನ್ಸ್‌ಮನ್ ಕೇಳಿ ವಾಪಸ್ ಪಡೆದ! ನನ್ನ ಹಾಳೆ 90 ಸೆಂಟಿಮೀಟರ್‌ಗೆ ಮುಗಿಯುತ್ತದೆ, ಹಾಗಾಗಿ ಮೇಲೆ ಇನ್ನೊಂದು ಪಟ್ಟಿ ಅಂಟಿಸಬೇಕು. ಬಲಗಡೆಯೂ ಇಪ್ಪತ್ತೊಂದನೇ ಸೀಸನ್‌ಗೆ ಜಾಗ ಬೇಕು.

ಮೂರನೇ ಗೆರೆಯಾಗಿ ಗ್ರೆಟ್ಸ್ಕಿಗಿಂತ ಹಿಂದಿನ ಕಾಲದ ಆಟಗಾರ ಗಾರ್ಡಿ ಹೌ ಬರಬೇಕು. 801 ಗೋಲು, ಹಸಿರು ಪೆನ್ನು. ಅವನು ತನ್ನ ಕೊನೆಯ ಸೀಸನ್ ಆಡಿದ್ದು 50 ದಾಟಿದ ಮೇಲೆ, ಮಧ್ಯೆ ಲೀಗ್ ಬಿಟ್ಟು ಹೋಗಿದ್ದ ವರ್ಷಗಳೂ ಇವೆ. ಆ ವರ್ಷಗಳನ್ನು ಖಾಲಿ ಬಿಟ್ಟು ಗೆರೆ ಮುರಿಯಬೇಕೋ, ಆಡಿದ ಸೀಸನ್‌ಗಳನ್ನಷ್ಟೇ ಜೋಡಿಸಬೇಕೋ ಇನ್ನೂ ತೀರ್ಮಾನಿಸಿಲ್ಲ. ಸದ್ಯಕ್ಕೆ ಮುರಿಯುವುದೇ ಸರಿ ಅನ್ನಿಸುತ್ತಿದೆ. ಅದರ ಜೊತೆಗೆ ಒವೆಚ್ಕಿನ್ ಗೋಲು ಹೊಡೆದ ಗೋಲಿಗಳ ಪಟ್ಟಿಯನ್ನೂ ಕನ್ನಡದಲ್ಲಿ ಬರೆಯಲು ಶುರು ಮಾಡಿದ್ದೇನೆ. ಸೊರೊಕಿನ್ ಅದರಲ್ಲಿ 183ನೆಯವನು.